ಕಾರಿನ ಟೈಮಿಂಗ್ ಬೆಲ್ಟ್: ತೋಟದ ಮನೆಯ ಅಂಗಳದಲ್ಲೇ ಮಿತವ್ಯಯದ ಬದಲಾವಣೆ



ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತೋಟದ ಮನೆಗಳು ಒಂದಕ್ಕೊಂದು ದೂರ. ಡಾಂಬರು ರಸ್ತೆಗೆ ಬರಬೇಕಾದರೆ ಎಷ್ಟೋ ಮನೆಯವರು ಒಂದೆರಡು ಮೈಲಿ ಮಣ್ಣಿನ ದಾರಿ ದಾಟಬೇಕು. ಇಂಥ ಕಡೆ ಕಾರು ಅಥವಾ ವ್ಯಾನು ಶೋಕಿಯ ವಸ್ತುವಲ್ಲ. ಮೈಲುತುತ್ತ, ಸುಣ್ಣ ತರುವುದಕ್ಕೂ ಅದೇ, ಅಡಿಕೆ ಮೂಟೆ ಮಂಡಿಗೆ ಸಾಗಿಸುವುದಕ್ಕೂ ಅದೇ, ನಡುರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ತುಮರಿ ಭಾಗದವರಿಗೆ ಸಾಗರಕ್ಕೆ ಹೋಗಲು ಲಾಂಚಿಗಾಗಿ ಕಾಯುವ ಕಷ್ಟ ತಪ್ಪಿತು. ಆದರೆ ಸೇತುವೆ ಇದ್ದರೂ ಗಾಡಿ ನಡೆಯದಿದ್ದರೆ ಪ್ರಯೋಜನವಿಲ್ಲ.

ಗಾಡಿ ನಡುದಾರಿಯಲ್ಲಿ ನಿಲ್ಲಲು ಹಲವು ಕಾರಣಗಳಿವೆ. ಅವುಗಳಲ್ಲಿ ಹೆಚ್ಚು ನಷ್ಟ ತರುವ, ಆದರೆ ಮುಂಚಿತವಾಗಿ ಸುಲಭವಾಗಿ ತಪ್ಪಿಸಬಹುದಾದ ಒಂದು ಕಾರಣವೆಂದರೆ ಟೈಮಿಂಗ್ ಬೆಲ್ಟ್ ತುಂಡಾಗುವುದು.

ಬೆಲ್ಟಿನ ಕೆಲಸವೇನು?

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ಶಾಫ್ಟ್ ಇದ್ದು ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲ್ಭಾಗದಲ್ಲಿ ಕ್ಯಾಮ್ ಶಾಫ್ಟ್ ಇದ್ದು ವಾಲ್ವ್‌ಗಳನ್ನು ತೆರೆದು ಮುಚ್ಚುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು ತಿರುಗಬೇಕು. ಈ ಎರಡನ್ನೂ ತಪ್ಪದ ತಾಳದಲ್ಲಿ ಕಟ್ಟಿಹಾಕುವುದು ಹಲ್ಲುಗಳಿರುವ ರಬ್ಬರ್ ಪಟ್ಟಿ. ಇದೇ ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಒಂದೊಂದು ವಾಲ್ವ್ ಕೂಡ ಸೆಕೆಂಡಿಗೆ ೨೫ ಬಾರಿ ತೆರೆದು ಮುಚ್ಚುತ್ತದೆ. ಇದರಿಂದ ಬೆಲ್ಟಿನ ಮೇಲಿರುವ ಹೊಣೆ ಎಷ್ಟೆಂದು ತಿಳಿಯಬಹುದು.

ರೈತರಿಗೆ ಇದು ಹೊಸ ವಿಷಯವೇನೂ ಅಲ್ಲ. ನೀರೆತ್ತುವ ಒಂದು ಸಿಲಿಂಡರಿನ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವರು ಟೈಮಿಂಗ್ ಗೇರುಗಳ ಮೇಲಿನ ಚುಕ್ಕೆ ಗುರುತುಗಳನ್ನು ಕಂಡಿರುತ್ತಾರೆ. ಗುರುತಿಗೆ ಗುರುತು ಕೂಡಿಸದೆ ಆ ಎಂಜಿನ್ ನಡೆಯುವುದಿಲ್ಲ. ಕಾರಿನ ಬೆಲ್ಟಿನದೂ ಅದೇ ತತ್ತ್ವ. ವ್ಯತ್ಯಾಸ ಇಷ್ಟೇ: ಗೇರು ಉಕ್ಕಿನದು, ಬೆಲ್ಟು ರಬ್ಬರಿನದು.

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಈ ಕೆಲಸಕ್ಕೆ ಉಕ್ಕಿನ ಚೈನು ಇತ್ತು. ೧೯೮೩ರ ಡಿಸೆಂಬರ್‌ನಲ್ಲಿ ಬಂದ ಮಾರುತಿ ೮೦೦, ಅದರ ಬೆನ್ನಿಗೇ ೧೯೮೪ರಲ್ಲಿ ಬಂದು ಮುಂದೆ ಓಮ್ನಿ ಎಂದು ಹೆಸರಾದ ವ್ಯಾನು, ಇವೆರಡರ ೭೯೬ ಸಿ.ಸಿ. ಎಂಜಿನ್ನಿನಲ್ಲಿ ಬೆಲ್ಟ್ ಇದೆ. ೮೦೦ರ ತಯಾರಿಕೆ ೨೦೧೪ರಲ್ಲಿಯೂ ಓಮ್ನಿಯ ತಯಾರಿಕೆ ೨೦೧೯ರಲ್ಲಿಯೂ ನಿಂತಿದ್ದರೂ ಮಲೆನಾಡಿನ ಮನೆಗಳಲ್ಲಿ ಇವು ಇನ್ನೂ ದುಡಿಯುತ್ತಿವೆ. ಮಾರುತಿಯ ಕೆ ಸರಣಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಮತ್ತೆ ಚೈನು ಬಂದಿದೆ. ಆದುದರಿಂದ ತಮ್ಮ ಗಾಡಿಯಲ್ಲಿರುವುದು ಬೆಲ್ಟೋ, ಚೈನೋ, ಗೇರೋ ಎಂಬುದನ್ನು ಕೈಪಿಡಿ ನೋಡಿ ತಿಳಿಯುವುದು ಮೊದಲ ಕೆಲಸ.

ಕಿಲೋಮೀಟರ್ ಒಂದೇ ಲೆಕ್ಕವಲ್ಲ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸನಗರ ತಾಲ್ಲೂಕಿನ ನಗರದ ಕಡೆಯ ಒಬ್ಬ ತೋಟಗಾರರಲ್ಲಿ ಹಳೆಯ ವ್ಯಾನು ಇದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಅದು ಓಡುವುದು ನಾಲ್ಕು ಸಾವಿರ ಕಿಲೋಮೀಟರ್.

"ಗೌಡ್ರೇ, ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?" ಎಂದು ಮೆಕ್ಯಾನಿಕ್ ಕೇಳುತ್ತಾನೆ.

"ಗಾಡಿ ತಗೊಂಡು ಹತ್ತು ವರ್ಷ ಆತು ಮಾರಾಯ, ಓಡಿದ್ದು ಬರೀ ನಲವತ್ತು ಸಾವಿರ. ಇನ್ನೂ ಲಕ್ಷ ಆಗ್ಲಿಲ್ಲ, ಈಗ್ಲೇ ಯಾಕೆ?"

ಈ ಉತ್ತರದಲ್ಲೇ ಅಪಾಯ ಅಡಗಿದೆ. ತಯಾರಕರು ಸಾಮಾನ್ಯವಾಗಿ ೬೦ ಸಾವಿರದಿಂದ ೧ ಲಕ್ಷ ಕಿಲೋಮೀಟರ್‌ವರೆಗಿನ ಒಂದು ಮಿತಿಯನ್ನು ಹೇಳುತ್ತಾರೆ. ಅನೇಕರು ಅದರ ಜೊತೆಗೆ ವರ್ಷಗಳ ಮಿತಿಯನ್ನೂ ಕೊಡುತ್ತಾರೆ. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಬೆಲ್ಟಿನ ಆಯುಷ್ಯ. ರಬ್ಬರು ನಿಂತಲ್ಲೇ ಮುಪ್ಪಾಗುತ್ತದೆ. ಎಂಜಿನ್ನಿನ ಕಾವು, ಸೀಲಿನಿಂದ ಜಿನುಗುವ ಎಣ್ಣೆ, ಮಳೆಗಾಲದ ನೀರು ಮತ್ತು ಕೆಸರು, ಕೊಟ್ಟಿಗೆಯ ಪಕ್ಕ ತಿಂಗಳುಗಟ್ಟಲೆ ನಿಂತ ಗಾಡಿಯೊಳಗೆ ಗೂಡು ಮಾಡುವ ಇಲಿ, ಇವೆಲ್ಲ ಬೆಲ್ಟಿನ ವೈರಿಗಳು. ಕಡಿಮೆ ಓಡುವ ಮಲೆನಾಡಿನ ಗಾಡಿಗಳಲ್ಲಿ ಕಿಲೋಮೀಟರಿಗಿಂತ ಮೊದಲು ವರ್ಷದ ಮಿತಿಯೇ ಮುಗಿದುಹೋಗುತ್ತದೆ.

ಸವೆದ ಚೈನು ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟು ಹೆಚ್ಚಾಗಿ ಏನೂ ಹೇಳದೆ ಹರಿಯುತ್ತದೆ. ಹರಿದ ಕ್ಷಣ ಕ್ಯಾಮ್ ನಿಂತು, ವಾಲ್ವ್‌ಗಳು ಇದ್ದಲ್ಲೇ ತೆರೆದು ನಿಲ್ಲುತ್ತವೆ. ಕ್ರ್ಯಾಂಕ್ ಮಾತ್ರ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಸಾಲದ ಎಂಜಿನ್‌ಗಳಲ್ಲಿ, ಅದರಲ್ಲೂ ಡೀಸೆಲ್ ಎಂಜಿನ್‌ಗಳಲ್ಲಿ, ವಾಲ್ವ್ ಬಾಗುತ್ತದೆ. ಕೆಲವೊಮ್ಮೆ ಪಿಸ್ಟನ್ ಸಹ ಒಡೆಯುತ್ತದೆ. ಆಗ ಹೆಡ್ ಬಿಚ್ಚಿಸಿ ರಿಪೇರಿ ಮಾಡಿಸುವ ಖರ್ಚಿನ ಮುಂದೆ ಒಂದು ಬೆಲ್ಟಿನ ಬೆಲೆ ಏನೇನೂ ಅಲ್ಲ.

ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ಹೊಡೆದರೆ ಉದುರಿದ ಕಾಯಿ ಗೊನೆಗೆ ಮರಳುವುದಿಲ್ಲ. ಮಳೆ ಹಿಡಿಯುವ ಮುನ್ನವೇ ಸಿಂಪಡಿಸಬೇಕೆಂಬುದನ್ನು ಪ್ರತಿಯೊಬ್ಬ ಅಡಿಕೆ ಬೆಳೆಗಾರರೂ ಬಲ್ಲರು. ಬೆಲ್ಟಿನ ವಿಷಯದಲ್ಲೂ ಇದೇ ಮುನ್ನೆಚ್ಚರಿಕೆ ಅವಶ್ಯ.

ಯಾರು ಮನೆಯಲ್ಲಿ ಮಾಡಬಹುದು?

ಮಾರುತಿ ೮೦೦ ಅಥವಾ ಓಮ್ನಿಯಂಥ ಸರಳ ಪೆಟ್ರೋಲ್ ಎಂಜಿನ್ನಿನ ಬೆಲ್ಟನ್ನು, ಪಂಪ್‌ಸೆಟ್ ಅಥವಾ ಪವರ್ ಟಿಲ್ಲರ್ ಬಿಚ್ಚಿ ಜೋಡಿಸಿ ರೂಢಿಯಿರುವ ರೈತರು ಒಂದು ದಿನದಲ್ಲಿ ಬದಲಾಯಿಸಬಹುದು. ಕೆಲವು ಡೀಸೆಲ್ ಗಾಡಿಗಳಲ್ಲಿ ಇಂಧನದ ಪಂಪನ್ನೂ ಇದೇ ಬೆಲ್ಟ್ ನಡೆಸುತ್ತದೆ. ಅಲ್ಲಿ ಎರಡರ ಬದಲು ಮೂರು ಗುರುತುಗಳು ಕೂಡಬೇಕು. ಅಂಥವನ್ನು ಮೊದಲ ಸಲ ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು. ಮೊದಲ ಸಲ ಕೆಲಸ ಮಾಡುವವರು ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು.

ಕಾಲವೂ ಮುಖ್ಯ. ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಮಾಡಿದರೆ ಒಳ್ಳೆಯದು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುವುದರಿಂದ ಅದೇ ಯೋಗ್ಯ ಜಾಗ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಉಳಿತಾಯವಾಗುವುದು ಕೂಲಿಯಲ್ಲಿ ಮತ್ತು ಗಾಡಿಯನ್ನು ಪೇಟೆಗೆ ಸಾಗಿಸುವ ಖರ್ಚಿನಲ್ಲಿ. ಉಪಕರಣಗಳನ್ನೂ ನೆರೆಯ ಮೂರು ನಾಲ್ಕು ಮನೆಯವರು ಸೇರಿ ಕೊಂಡರೆ ಹೊರೆಯಾಗದು. ಒಳ್ಳೆಯ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್‌ಗಳು, ಜ್ಯಾಕು, ಒಂದು ಟಾರ್ಕ್ ರೆಂಚ್ ಇಷ್ಟಿದ್ದರೆ ಸಾಕು. ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕೆಂಬುದನ್ನು ಟಾರ್ಕ್ ರೆಂಚ್ ಅಳೆದು ತೋರಿಸುತ್ತದೆ.

ಬಿಡಿಭಾಗಗಳಲ್ಲಿ ಮಾತ್ರ ಉಳಿತಾಯ ನೋಡಬಾರದು. ಎಂಜಿನ್ ಸಂಖ್ಯೆ ತೋರಿಸಿ ಅಸಲಿ ಬೆಲ್ಟನ್ನೇ ರಸೀತಿಯೊಡನೆ ಕೊಳ್ಳಬೇಕು. ಬೇರೆ ಗಾಡಿಯಿಂದ ಬಿಚ್ಚಿದ ಬೆಲ್ಟನ್ನು, ನೋಡಲು ಹೊಸದರಂತಿದ್ದರೂ, ಹಾಕಲೇಬಾರದು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಗಾಲಿಯನ್ನೂ ಜೊತೆಗೆ ಬದಲಾಯಿಸುವುದು ಉತ್ತಮ. ಹಳೆಯ ಟೆನ್ಷನರಿನ ಬೇರಿಂಗ್ ಕಚ್ಚಿಕೊಂಡರೆ ಹೊಸ ಬೆಲ್ಟೂ ಉಳಿಯದು. ಬೆಲ್ಟಿನ ಮೇಲೆ ಎಣ್ಣೆ ಕಂಡರೆ ಜಿನುಗುವ ಸೀಲನ್ನು ಹಾಕಿಸದೆ ಮುಂದುವರಿಯಬಾರದು. ಕೆಲವು ಎಂಜಿನ್‌ಗಳಲ್ಲಿ ನೀರಿನ ಪಂಪೂ ಇದೇ ಬೆಲ್ಟಿನಿಂದ ತಿರುಗುತ್ತದೆ. ಅಲ್ಲಿ ಪಂಪನ್ನೂ ಆಗಲೇ ಪರೀಕ್ಷಿಸಿದರೆ ಎರಡು ಸಲ ಬಿಚ್ಚುವುದು ತಪ್ಪುತ್ತದೆ.

ಕೆಲಸದ ಕ್ರಮ

೧. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಅಡ್ಡ ಕೊಡಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಗಾಡಿ ಎತ್ತಬೇಕಾದರೆ ಬರೀ ಜ್ಯಾಕನ್ನು ನಂಬಿ ಕೆಳಗೆ ನುಗ್ಗಬಾರದು. ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಡಬೇಕು. ಜಂಬಿಟ್ಟಿಗೆ ಕಲ್ಲು ಭಾರಕ್ಕೆ ಒಡೆಯಬಹುದಾದ್ದರಿಂದ ಅದನ್ನು ಒತ್ತು ಕೊಡಬಾರದು.

೨. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದರೆ ಎಂಜಿನ್ ಕೈಯಿಂದ ಹಗುರವಾಗಿ ತಿರುಗುತ್ತದೆ. ಫ್ಯಾನ್ ಬೆಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲಿಯನ್ನು ಮತ್ತು ಟೈಮಿಂಗ್ ಕವರನ್ನು ಬಿಚ್ಚಬೇಕು. ಪುಲ್ಲಿಯ ಬೋಲ್ಟ್ ಬಹಳ ಬಿಗಿಯಾಗಿರುತ್ತದೆ. ಅದನ್ನು ಸಡಿಲಿಸಲು ಸ್ಟಾರ್ಟರ್ ತಿರುಗಿಸುವ ಉಪಾಯ ಕೆಲವರದು. ಅದು ಕೈಗೂ ಎಂಜಿನ್ನಿಗೂ ಅಪಾಯ. ಬಿಚ್ಚಿದ ಬೋಲ್ಟ್‌ಗಳನ್ನು ಕ್ರಮವಾಗಿ ಬೇರೆ ಬೇರೆ ಬಟ್ಟಲುಗಳಲ್ಲಿ ಇಡಬೇಕು.

೩. ಕ್ರ್ಯಾಂಕನ್ನು ಸ್ಪ್ಯಾನರಿನಿಂದ, ಎಂಜಿನ್ ಸಹಜವಾಗಿ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಕ್ರ್ಯಾಂಕ್ ಗಾಲಿಯ ಗುರುತು ಮತ್ತು ಕ್ಯಾಮ್ ಗಾಲಿಯ ಗುರುತು ಎರಡೂ ತಮ್ಮ ತಮ್ಮ ಎದುರು ಗುರುತಿಗೆ ನೇರ ಬರುವಂತೆ ಮಾಡಬೇಕು. ಕ್ರ್ಯಾಂಕಿನ ಗುರುತು ಕೂಡಿಯೂ ಕ್ಯಾಮಿನದು ಕೂಡದಿದ್ದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ಣ ಸುತ್ತು ತಿರುಗಿಸಬೇಕು. ಗುರುತುಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು, ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಸಂಶಯಕ್ಕೆ ಎಡೆಯಿಲ್ಲ.

೪. ಟೆನ್ಷನರ್ ಸಡಿಲಿಸಿ ಹಳೆಯ ಬೆಲ್ಟನ್ನು ತೆಗೆಯಬೇಕು. ಆಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಬೇರೆ ಬೇರೆಯಾಗಿ ತಿರುಗಿಸಬಾರದು. ವಾಲ್ವಿಗೆ ಪಿಸ್ಟನ್ ತಾಗುವ ಸಂಭವವುಂಟು.

೫. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬಾರದು. ಒಳಗಿನ ನೂಲು ಮುರಿದರೆ ಹೊರಗೆ ಕಾಣಿಸುವುದಿಲ್ಲ. ಬಾಣದ ಗುರುತಿದ್ದರೆ ತಿರುಗುವ ದಿಕ್ಕಿಗೆ ಹೊಂದಿಸಬೇಕು. ಕ್ರ್ಯಾಂಕ್ ಗಾಲಿಯಿಂದ ಆರಂಭಿಸಿ, ಟೆನ್ಷನರ್ ಇಲ್ಲದ ಮಗ್ಗುಲನ್ನು ಬಿಗಿಯಾಗಿಟ್ಟುಕೊಂಡು ಕ್ಯಾಮ್ ಗಾಲಿಗೆ ಏರಿಸಬೇಕು. ಸಡಿಲವೆಲ್ಲ ಟೆನ್ಷನರ್ ಇರುವ ಕಡೆಗೆ ಬರಬೇಕು. ಮಳೆಗಾಲಕ್ಕೆ ಮುನ್ನ ಎಲ್ಲದಕ್ಕೂ ಎಣ್ಣೆ ಸವರುವ ವಾಡಿಕೆ ನಮ್ಮ ಕಡೆ ಇದೆ. ಟೈಮಿಂಗ್ ಬೆಲ್ಟಿಗೆ ಎಣ್ಣೆ, ಗ್ರೀಸು ಯಾವುದನ್ನೂ ಸೋಕಿಸಬಾರದು.

೬. ಟೆನ್ಷನರನ್ನು ಕೈಪಿಡಿಯಂತೆ ಬಿಗಿತಕ್ಕೆ ತಂದು, ಕ್ರ್ಯಾಂಕನ್ನು ಕೈಯಿಂದಲೇ ನಿಧಾನವಾಗಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಎರಡು ಸುತ್ತಿನ ಕೊನೆಗೆ ಗುರುತುಗಳು ಮತ್ತೆ ನೇರ ಕೂಡಬೇಕು. ಒಂದೇ ಒಂದು ಹಲ್ಲು ತಪ್ಪಿದ್ದರೂ ಬಿಚ್ಚಿ ಮತ್ತೆ ಹಾಕಬೇಕು. ನಡುವೆ ಗಟ್ಟಿಯಾಗಿ ತಡೆದಂತಾದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ ತಿಳಿದವರನ್ನು ಕರೆಸಬೇಕು. ಕೈಯಲ್ಲಿ ತಿರುಗಿಸಿದಾಗ ಗೊತ್ತಾದ ತಪ್ಪನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು. ಸ್ಟಾರ್ಟರ್ ಹೊಡೆದ ಮೇಲೆ ಗೊತ್ತಾದ ತಪ್ಪಿಗೆ ಎಂಜಿನ್ನೇ ಬೆಲೆ ತೆರಬೇಕಾದೀತು.

೭. ಎಲ್ಲ ಸರಿಯಿದ್ದರೆ ಟೆನ್ಷನರ್ ಬಿಗಿದು, ಕವರು, ಪುಲ್ಲಿ, ಫ್ಯಾನ್ ಬೆಲ್ಟ್, ಪ್ಲಗ್‌ಗಳನ್ನು ಜೋಡಿಸಬೇಕು. ಪುಲ್ಲಿಯ ಬೋಲ್ಟನ್ನು ಕೈಪಿಡಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಕವರನ್ನು ಹಾಕದೆ ಬಿಟ್ಟರೆ ಕೆಸರು ಮತ್ತು ಇಲಿಗೆ ದಾರಿ ಕೊಟ್ಟಂತೆ. ಕೊನೆಗೆ ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಐದಾರು ನಿಮಿಷ ಸದ್ದನ್ನು ಗಮನಿಸಬೇಕು.

ದಾರಿಯಲ್ಲಿ ಹರಿದರೆ

ಎಚ್ಚರ ವಹಿಸಿಯೂ ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಎಂಜಿನ್ ಒಮ್ಮೆಲೇ ನಿಂತು, ಸ್ಟಾರ್ಟರ್ ತಿರುಗಿಸಿದಾಗ ಎಂದಿಗಿಂತ ಹಗುರವಾಗಿ ತಿರುಗಿದರೆ ಬೆಲ್ಟ್ ಹರಿದಿರಬಹುದೆಂದು ತಿಳಿಯಬೇಕು. ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದು, ಜನ ಸೇರಿ ತಳ್ಳಿಸುವುದು, ಇಳಿಜಾರಿನಲ್ಲಿ ಗೇರ್ ಹಾಕಿ ಬಿಡುವುದು ಯಾವುದೂ ಕೂಡದು. ಗಾಡಿಯನ್ನು ಗೇರ್ ಇಲ್ಲದೆ ಎಳೆಸಿಕೊಂಡು ಹೋಗುವುದೇ ದಾರಿ. ಇಳಿಜಾರಿನಲ್ಲಿ ಹಾಗೆ ಎಳೆಸುವಾಗ ಎಂಜಿನ್ ನಡೆಯದಿರುವುದರಿಂದ ಪವರ್ ಬ್ರೇಕ್ ಇರುವ ಗಾಡಿಗಳಲ್ಲಿ ಬ್ರೇಕ್ ಬಹಳ ಗಟ್ಟಿಯಾಗುತ್ತದೆ ಎಂಬುದನ್ನು ಮರೆಯಬಾರದು.

ಒಂದು ಸಾಲಿನ ದಾಖಲೆ

ಹಳೆಯ ಗಾಡಿ ಕೊಂಡವರಿಗೆ ಬೆಲ್ಟ್ ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ, ಅವಧಿ ಮುಗಿದಿದೆ ಎಂದೇ ಭಾವಿಸಿ ಬದಲಾಯಿಸುವುದು ಕ್ಷೇಮ. ಹೊಸ ಬೆಲ್ಟ್ ಹಾಕಿದ ದಿನವೇ ತಾರೀಖು ಮತ್ತು ಓಡಿದ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಗಾಡಿಯೊಳಗೆ ಅಂಟಿಸಬೇಕು. ತೋಟದ ಲೆಕ್ಕದ ಪುಸ್ತಕದಲ್ಲಿ ಬೋರ್ಡೋ ಸಿಂಪಡಣೆ, ಗೊಬ್ಬರ, ಕೊಯ್ಲಿನ ದಿನಗಳನ್ನು ಬರೆದಿಡುವ ಮನೆಗಳಲ್ಲಿ ಅದೇ ಪುಟದಲ್ಲಿ ಇದಕ್ಕೂ ಒಂದು ಸಾಲು ಸೇರಿಸಬಹುದು. ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣಗಳ ತರಬೇತಿ ನಡೆಸುವಾಗ ಪಂಪ್‌ಸೆಟ್ಟಿನ ಟೈಮಿಂಗ್ ಗೇರಿನ ಜೊತೆಯಲ್ಲೇ ಈ ಬೆಲ್ಟಿನ ಪ್ರಾತ್ಯಕ್ಷಿಕೆಯನ್ನೂ ತೋರಿಸಿದರೆ ಅನುಕೂಲವಾಗುತ್ತದೆ.

ಮಳೆಗಾಲದ ನಡುರಾತ್ರಿ ಗಾಡಿ ಬೇಕಾಗುವ ದಿನ ಹೇಳಿ ಬರುವುದಿಲ್ಲ. ಬೇಸಿಗೆಯ ಒಂದು ದಿನವನ್ನು ಇದಕ್ಕೆ ಮೀಸಲಿಟ್ಟ ಮನೆಯವರು ಆ ರಾತ್ರಿ ಬೆಲ್ಟಿನ ಚಿಂತೆಯಿಲ್ಲದೆ ಹೊರಡಬಹುದು.