ಲಾರಿ ಯಾರ್ಡಿಗೆ ಅನುಮತಿ, ರಸ್ತೆಗೆ ಯಾರ ಅನುಮತಿ?

ಈ ಮಾಲಿಕೆಗೆ ಕೇಳುಗರಿಂದ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಬಿಡದೆ ಬರುತ್ತಿದೆ. ದೇವದುರ್ಗದ ಕಡೆಯವರು ಉಸುಕಿನ ಸ್ಟಾಕ್‌ಯಾರ್ಡ್ ಬಗ್ಗೆ ಕೇಳುತ್ತಾರೆ, ಮಾನ್ವಿಯವರು ಟಿಪ್ಪರ್ ನಿಲ್ಲುವ ಜಾಗದ ಬಗ್ಗೆ, ರಾಯಚೂರು ನಗರದ ಹೊರವಲಯದವರು ಗೋದಾಮು, ಲಾರಿ ಯಾರ್ಡುಗಳ ಬಗ್ಗೆ. ಕೇಳುವುದು ಮಾತ್ರ ಒಂದೇ: “ಊರ ಮಗ್ಗುಲಿಗೇ ಇಷ್ಟೊಂದು ಲಾರಿ ಬರ್ತಾವಂತೆ, ನಮ್ಮನ್ನ ಯಾರೂ ಒಂದು ಮಾತು ಕೇಳಲಿಲ್ಲ. ಸಾರ್ವಜನಿಕ ಅಹವಾಲು ಸಭೆ ಯಾಕೆ ಆಗಲಿಲ್ಲ?”

ಉತ್ತರ ನೇರವಾಗಿ ಹೇಳಿಬಿಡುತ್ತೇನೆ. ಹೆಚ್ಚಿನ ಯಾರ್ಡುಗಳಿಗೆ ಅಂಥ ಸಭೆ ಮಾಡಬೇಕೆಂದು ಕಾನೂನು ಹೇಳುವುದೇ ಇಲ್ಲ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ ಇದೆ, ವಿದ್ಯುತ್ ಸ್ಥಾವರ ಇದೆ, ಸಿಮೆಂಟ್ ಕಾರ್ಖಾನೆ, ಬಂದರು, ವಿಮಾನ ನಿಲ್ದಾಣ ಎಲ್ಲ ಇವೆ. ಲಾರಿ ಟರ್ಮಿನಲ್ ಎಂಬ ಹೆಸರಿಲ್ಲ. ಅದು ಆ ಪಟ್ಟಿಯೊಳಗೆ ಬರಬೇಕಾದರೆ ಕಟ್ಟಡದ ಬಾಗಿಲಿನಿಂದಲೇ ಬರಬೇಕು. ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮಾತ್ರ ರಾಜ್ಯ ಮಟ್ಟದ ಪ್ರಾಧಿಕಾರದ ಪರಿಸರ ಅನುಮತಿ ಬೇಕು. ಲಾರಿ ಯಾರ್ಡಿನಲ್ಲಿ ಕಟ್ಟಡ ಎಷ್ಟಿರುತ್ತದೆ? ಒಂದು ಆಫೀಸು, ಒಂದು ತೂಕದ ಸೇತುವೆ, ಒಂದು ಶೆಡ್ಡು. ಉಳಿದದ್ದೆಲ್ಲ ಬಯಲು. ಇಪ್ಪತ್ತು ಎಕರೆ ಬಯಲಿನಲ್ಲಿ ಲಾರಿ ಸಾಲುಗಟ್ಟಿ ನಿಂತರೂ ಆ ಲೆಕ್ಕಕ್ಕೆ ಅದು ಸಣ್ಣ ಯೋಜನೆ. ಇನ್ನೂ ಒಂದು ಮಾತು: ಗೋದಾಮು ದೊಡ್ಡದಾಗಿ, ಅನುಮತಿ ಬೇಕೇ ಬೇಕು ಎಂದಾದರೂ, ಕಟ್ಟಡದ ಯೋಜನೆಗಳಿಗೆ ಅದೇ ಅಧಿಸೂಚನೆ ಅಹವಾಲು ಸಭೆಯಿಂದ ವಿನಾಯಿತಿ ಕೊಟ್ಟಿದೆ.

ಹೀಗಾಗಿ ಜಮೀನು ಕೃಷಿಯೇತರ, ಅಂದರೆ ಎನ್‌ಎ ಆಗುತ್ತದೆ, ಪಂಚಾಯ್ತಿ ಲೈಸೆನ್ಸ್ ಸಿಗುತ್ತದೆ, ಬೇಕಾದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಸಿಗುತ್ತದೆ. ಪ್ರತಿಯೊಂದು ಕಚೇರಿಯೂ ತನ್ನ ಪಾಲಿನ ಪ್ರಶ್ನೆ ಕೇಳುತ್ತದೆ. ಜಮೀನು ಯಾರದು, ಶೌಚದ ನೀರು ಎಲ್ಲಿಗೆ, ಜನರೇಟರ್ ಎಷ್ಟು ಸದ್ದು ಮಾಡುತ್ತದೆ. ಇವೆಲ್ಲ ಗೇಟಿನ ಒಳಗಿನ ಪ್ರಶ್ನೆಗಳು. ಗೇಟು ದಾಟಿದ ಲಾರಿ ಯಾವ ಊರಿನ ಅಗಸಿ ಮುಂದೆ, ಯಾವ ಸಾಲಿ ಮುಂದೆ, ದಿನಕ್ಕೆ ಎಷ್ಟು ಸಲ ಹಾಯುತ್ತದೆ ಎಂದು ಕೇಳುವ ಕಾಲಂ ಈ ಅರ್ಜಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ನನಗೆ ಹೇಳಬೇಕಾದ್ದು ಇದೊಂದೇ. ಹಾನಿ ರಸ್ತೆಯ ಮೇಲೆ ಆಗುತ್ತದೆ, ಪರಿಶೀಲನೆ ಗೇಟಿನೊಳಗೆ ಮುಗಿಯುತ್ತದೆ.

ರಸ್ತೆಯ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕೆಲಸ ಮಾಡಿದ್ದೇ ರಸ್ತೆ ವಿಭಾಗದಲ್ಲಿ. ಇಷ್ಟು ವರ್ಷ ಕಳೆದರೂ ಜನರಿಗೂ, ಎಷ್ಟೋ ಸಲ ಅಧಿಕಾರಿಗಳಿಗೂ ಈ ಒಂದು ವಿಷಯ ತಲೆಗೆ ಹೋಗಿಲ್ಲ ಎಂಬ ಬೇಸರ ನನಗಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ರಸ್ತೆಗಳ ಮೇಲೆ ಭಾರದ ಲಾರಿಗಳನ್ನು ಸತತವಾಗಿ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಹೊರಟ ನಿಯಮವನ್ನು ಜಗತ್ತಿನ ರಸ್ತೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ಅಚ್ಚಿನ ಮೇಲಿನ ಭಾರ ಹೆಚ್ಚಿದರೆ ರಸ್ತೆಗೆ ಆಗುವ ಹಾನಿ ಅದರ ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಅಂದರೆ ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ, ಹದಿನಾರು ಪಟ್ಟು. ನೂರಕ್ಕೆ ಇಪ್ಪತ್ತು ಜಾಸ್ತಿ ತುಂಬಿದರೆ ಹಾನಿ ಇಮ್ಮಡಿ. ನೂರಕ್ಕೆ ಐವತ್ತು ಜಾಸ್ತಿ ತುಂಬಿದರೆ ಐದು ಪಟ್ಟು.

ಇನ್ನೊಂದು ರೀತಿ ಹೇಳುತ್ತೇನೆ. ಕಾರಿನ ಒಂದು ಅಚ್ಚಿನ ಮೇಲೆ ಸುಮಾರು ಅರ್ಧ ಟನ್ ಭಾರ ಇರುತ್ತದೆ ಅನ್ನಿ. ತುಂಬಿದ ಲಾರಿಯ ಹಿಂದಿನ ಅಚ್ಚಿನ ಮೇಲೆ ಹತ್ತು ಟನ್. ಭಾರ ಇಪ್ಪತ್ತು ಪಟ್ಟು. ನಾಲ್ಕು ಇಪ್ಪತ್ತುಗಳನ್ನು ಒಂದಕ್ಕೊಂದು ಗುಣಿಸಿ: 1,60,000 ಬರುತ್ತದೆ. ಆ ಒಂದು ಅಚ್ಚು ಒಂದು ಸಲ ಹಾದರೆ ಕಾರಿನ ಒಂದು ಲಕ್ಷದ ಅರವತ್ತು ಸಾವಿರ ಅಚ್ಚುಗಳು ಹಾದಷ್ಟು ಹಾನಿ. “ಬಸ್ಸು, ಜೀಪು ಎಲ್ಲ ಓಡ್ತಾವ, ನಾಲ್ಕು ಲಾರಿಯಿಂದ ಏನಾಗ್ತದ?” ಎನ್ನುವವರಿಗೆ ನನ್ನ ಉತ್ತರ ಈ ಲೆಕ್ಕವೇ. ಕಾರು, ಬೈಕು, ಎತ್ತಿನ ಗಾಡಿ ನಮ್ಮ ರಸ್ತೆಯನ್ನು ಒಡೆಯುವುದಿಲ್ಲ. ಒಡೆಯುವುದು ಭಾರದ ಅಚ್ಚು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ನಾಲ್ಕು ಗಾಲಿಯ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಬರೀ 1.3 ಟನ್. ನಾಲ್ಕನೆಯ ಘಾತ ಹಚ್ಚಿ ನೋಡಿ, ಒಂದೊಂದು ಅಚ್ಚಿನಿಂದ ಆಗುವ ಹಾನಿ ಸುಮಾರು ನೂರಕ್ಕೆ ಅರವತ್ತು ಹೆಚ್ಚಾಯಿತು. ಇದು ಕಾನೂನಿನ ಒಳಗಿದ್ದು ತುಂಬಿದ ಲಾರಿಯ ಮಾತು. ಬಾಡಿಯ ಮೇಲೆ ಗೋಪುರದ ಹಾಗೆ ಏರಿಸಿಕೊಂಡು ಹೋಗುವವರ ಲೆಕ್ಕ ಬೇರೆ.

ಈಗ ನಮ್ಮ ನೆಲಕ್ಕೆ ಬನ್ನಿ. ಕೃಷ್ಣೆ, ತುಂಗಭದ್ರೆಯ ನಡುವಿನ ಈ ದೋಆಬಿನಲ್ಲಿ ಎರೆ ಭೂಮಿ ಎಷ್ಟಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಹಳ್ಳಿಯ ರಸ್ತೆ ಕಟ್ಟುವಾಗ ದಿನಕ್ಕೆ ಕೆಲವು ಬಸ್ಸು, ಟ್ರ್ಯಾಕ್ಟರ್, ಸುಗ್ಗಿಯಲ್ಲಿ ಹತ್ತಿ, ನೆಲ್ಲಿನ ಲಾರಿ ಎಂದು ಲೆಕ್ಕ ಹಾಕಿ ದಪ್ಪ ನಿರ್ಧರಿಸಿರುತ್ತಾರೆ. ದೇವದುರ್ಗದ ಕಡೆ ನಾನೇ ನಿಂತು ಮಾಡಿಸಿದ ಒಂದು ರಸ್ತೆಗೆ ನದಿಯ ಉಸುಕಿನ ಟಿಪ್ಪರ್ ಬಿದ್ದವು. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಡಾಂಬರು ಹುಡುಕಬೇಕಾಯಿತು. ಹಸಿ ಉಸುಕು ತುಂಬಿದ ಲಾರಿ ದಾರಿಯುದ್ದಕ್ಕೂ ನೀರು ಸೋರಿಸುತ್ತ ಹೋಗುತ್ತದೆ. ಆ ನೀರು ಬಿರುಕಿನಲ್ಲಿ ಇಳಿದು ಕೆಳಗಿನ ಎರೆ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮೇಲೆ ಮತ್ತೆ ಭಾರದ ಅಚ್ಚು. ಊರಿನವರು ಗುತ್ತಿಗೆದಾರನನ್ನು ಬೈದರು, ನನ್ನನ್ನೂ ಬೈದರು. ಕಳಪೆ ಕಾಮಗಾರಿ ನಮ್ಮಲ್ಲಿ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯ ಕಾಮಗಾರಿಯೂ ಆ ಭಾರಕ್ಕೆ ನಿಲ್ಲುವುದಿಲ್ಲ.

ರಸ್ತೆ ಒಡೆದ ಮೇಲೆ ಶುರುವಾಗುವುದು ಧೂಳು. ಕಿತ್ತ ಕಂಕರು, ಚೆಲ್ಲಿದ ಉಸುಕು, ಯಾರ್ಡಿನಿಂದ ಗಾಲಿಗೆ ಅಂಟಿ ಬಂದ ಮಣ್ಣು, ಇವು ರಸ್ತೆಯ ಮೇಲೆ ಬಿದ್ದಿರುತ್ತವೆ. ಗಾಲಿ ಮತ್ತು ರಸ್ತೆ ಬೀಸುವ ಕಲ್ಲಿನ ಎರಡು ಹೋಳುಗಳಂತೆ ಅದನ್ನು ಅರೆಯುತ್ತವೆ. ಅರೆದು ನುಣ್ಣಗಾದದ್ದನ್ನು ಲಾರಿಯ ಹಿಂದೆ ಏಳುವ ಗಾಳಿ ಎತ್ತುತ್ತದೆ, ಅದು ಕೆಳಗಿಳಿಯುವಷ್ಟರಲ್ಲಿ ಮುಂದಿನ ಲಾರಿ ಬರುತ್ತದೆ. ಒಂದು ಯಾರ್ಡಿನಿಂದ ದಿನಕ್ಕೆ ನೂರು ಲೋಡು ಎಂದರೆ ನೂರು ಲಾರಿ ಹೋದವು ಎಂದುಕೊಳ್ಳಬೇಡಿ. ತುಂಬಿದ್ದು ನೂರು, ಖಾಲಿ ವಾಪಸ್ ಬಂದದ್ದು ನೂರು. ಹತ್ತು ತಾಸಿನಲ್ಲಿ ಇನ್ನೂರು ಸಲ. ಮೂರು ನಿಮಿಷಕ್ಕೊಂದು. ಹಾದಿಬದಿಯ ಹತ್ತಿ ಅರಳಿದಾಗ ಅದರ ಮೇಲೆ ಏನು ಕೂಡುತ್ತದೆ, ಒಣಗಲು ಹಾಕಿದ ಮೆಣಸಿನಕಾಯಿಯ ಮೇಲೆ ಏನು ಕೂಡುತ್ತದೆ ಎಂದು ಯೋಚಿಸಿ. ನಮ್ಮ ರಾಷ್ಟ್ರೀಯ ಮಾನದಂಡದ ಪ್ರಕಾರ 10 ಮೈಕ್ರಾನಿಗಿಂತ ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 100 ಮೈಕ್ರೊಗ್ರಾಮ್ ಮೀರಬಾರದು. ಆದರೆ ಅಳೆಯುವ ಯಂತ್ರ ಹಳ್ಳಿಯ ಅಗಸಿಯಲ್ಲಿ ಇರುವುದಿಲ್ಲ.

“ನೀರು ಹೊಡಿಸ್ತೇವ್ರಿ” ಎಂಬ ಭರವಸೆ ಎಲ್ಲ ಕಡೆ ಸಿಗುತ್ತದೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಹೊಡೆದ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಯಾರ್ಡಿನೊಳಗೆ ಮಾತ್ರ ಹೊಡೆದರೆ ಇನ್ನೂ ಕೆಟ್ಟದ್ದು. ಹಸಿ ಮಣ್ಣು ಗಾಲಿಗೆ ಹತ್ತಿ ಡಾಂಬರಿನ ಮೇಲೆ ಬರುತ್ತದೆ, ಅಲ್ಲಿ ಒಣಗಿ ಪುಡಿಯಾಗುತ್ತದೆ. ಗಾಲಿ ತೊಳೆಯುವ ತೊಟ್ಟಿ, ಗೇಟಿನ ಮುಂದೆ ಕಾಂಕ್ರೀಟು ರಸ್ತೆ, ಮೇಲೆ ಕಟ್ಟಿದ ತಾಡಪತ್ರಿ, ಊರೊಳಗೆ ವೇಗದ ಮಿತಿ, ಇವು ಇದ್ದರೆ ಉಪಯೋಗ. ಸುತ್ತ ಮೂರು ಸಾಲು ಗಿಡ ನೆಡುತ್ತೇವೆ ಎಂಬ ಮಾತಿಗೂ ನಾನು ಮರುಳಾಗುವುದಿಲ್ಲ. ಗಿಡ ನೆಡಲಿ, ಒಳ್ಳೆಯದೇ. ಅದು ಎರಡು ಮೈಲಿ ಆಚೆಯ ಊರಿನ ಧೂಳನ್ನು ತಡೆಯುವುದಿಲ್ಲ.

ಶಕ್ತಿನಗರ, ದೇವಸೂಗೂರು ಕಡೆಯವರಿಗೆ ಲಾರಿಯ ಧೂಳು ಹೊಸದಲ್ಲ. 1985ರಿಂದ ವಿದ್ಯುತ್ ಕೊಡುತ್ತಿರುವ ರಾಯಚೂರು ಶಾಖೋತ್ಪನ್ನ ಸ್ಥಾವರ ಆರ್‌ಟಿಪಿಎಸ್‌ಗೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ಹಾರುಬೂದಿ ಬಲ್ಕರ್ ಮತ್ತು ಟಿಪ್ಪರಿನಲ್ಲಿ ಹೊರಡುತ್ತದೆ. 2021ರ ಡಿಸೆಂಬರ್ 31ರ ಅಧಿಸೂಚನೆ ಬೂದಿಯನ್ನು ನೂರಕ್ಕೆ ನೂರು ಬಳಸಲೇಬೇಕು ಎಂದಿದೆ. ಸರಿಯಾದ ನಿಯಮ, ಬೂದಿ ಕೆರೆ ತುಂಬಿಸುವುದಕ್ಕಿಂತ ಇಟ್ಟಿಗೆ, ಸಿಮೆಂಟ್ ಮಾಡುವುದು ಮೇಲು. ಆದರೆ ಹೆಚ್ಚು ಬಳಕೆ ಎಂದರೆ ರಸ್ತೆಯ ಮೇಲೆ ಹೆಚ್ಚು ಬೂದಿ ಲಾರಿ. ಬೂದಿಯ ಧೂಳನ್ನು ಗಾಲಿ ಅರೆಯಬೇಕಾಗಿಯೂ ಇಲ್ಲ, ಅದು ಹುಟ್ಟಿನಿಂದಲೇ ನುಣುಪು.

ಇಡೀ ರಸ್ತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಆಗುವುದೇ ಇಲ್ಲ ಎನ್ನುವವರಿದ್ದಾರೆ. ಆಗುತ್ತದೆ, ಗೇಟಿನ ಆಚೆಗೂ ನೋಡಿ ಒಟ್ಟು ಲೆಕ್ಕ ಹಾಕಿದ ಉದಾಹರಣೆಗಳಿವೆ. ಪಕ್ಕದ ಬಳ್ಳಾರಿಯಲ್ಲಿ ಒಂದೊಂದು ಗಣಿಗೂ ಬೇರೆ ಬೇರೆ ಅನುಮತಿ ಕೊಡುತ್ತ ಹೋದದ್ದರ ಫಲ ನಾವೆಲ್ಲ ನೋಡಿದ್ದೇವೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಆ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಮತ್ತೆ ಆರಂಭಿಸಲು ಬಿಟ್ಟಾಗ ಇಡೀ ಜಿಲ್ಲೆಯ ಅಧ್ಯಯನ ಮಾಡಿಸಿ ವರ್ಷಕ್ಕೆ ಎರಡೂವರೆ ಕೋಟಿ ಟನ್ ಎಂದು ಮಿತಿ ಬಂತು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಮಂಡಳಿ 2021ರ ಮೇ 7ರಂದು ಒಂದು ಲಕ್ಷ ಚದರ ಅಡಿಗಿಂತ ದೊಡ್ಡ ಗೋದಾಮುಗಳಿಗೆ ನಿಯಮ ತಂದಿತು. ಗೋದಾಮು ನಡೆಸುವವನು ತನ್ನಲ್ಲಿಗೆ ಬಂದುಹೋಗುವ ಲಾರಿಗಳ ಎಣಿಕೆ ಕೊಡಬೇಕು, ಆ ಎಣಿಕೆಗೆ ತಕ್ಕಂತೆ ಹೊಗೆ ಇಳಿಸುವ ಕ್ರಮ ಕೈಗೊಳ್ಳಬೇಕು. ಲಾರಿ ನನ್ನದಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ಸಮಯ ಸರಿಯುತ್ತಿದೆ, ಏನು ಮಾಡಬೇಕು ಎಂಬುದನ್ನು ಬೇಗ ಹೇಳುತ್ತೇನೆ. ನದಿಯಿಂದ ಉಸುಕು ತೆಗೆಯುವ ಬ್ಲಾಕಿನ ಮಾತು ಯಾರ್ಡಿಗಿಂತ ಬೇರೆ, ಅದು ಗಣಿ. 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಸಣ್ಣ ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯ ಮಾಡಿದೆ. ಗುತ್ತಿಗೆಯನ್ನು ತುಂಡು ಮಾಡಿ ತಪ್ಪಿಸಿಕೊಳ್ಳುವುದನ್ನು ತಡೆಯುವುದೂ ಆ ತೀರ್ಪಿನ ಉದ್ದೇಶವಾಗಿತ್ತು. ಯಾರ್ಡಿನಲ್ಲೂ ಒಬ್ಬನೇ ಮಾಲೀಕ ಪಕ್ಕಪಕ್ಕದ ಸರ್ವೆ ನಂಬರುಗಳಲ್ಲಿ ಬೇರೆ ಬೇರೆ ಅರ್ಜಿ ಹಾಕಿದ್ದಾನೆಯೇ ಎಂದು ಪಹಣಿ ತೆಗೆದು ನೋಡಿ. ಪರಿಸರ ಅನುಮತಿ ಪತ್ರ ಬಂದಿದ್ದರೆ ಅದನ್ನು ಪಂಚಾಯ್ತಿಯಲ್ಲಿ 30 ದಿನ ಪ್ರದರ್ಶಿಸಬೇಕು, ಕೇಳಿ ತೆಗೆಸಿಕೊಳ್ಳಿ. ಲಾರಿ ಯಾವ ಮಾರ್ಗದಲ್ಲಿ ಹೋಗಬೇಕು, ತಾಡಪತ್ರಿ ಕಟ್ಟಬೇಕೇ ಎಂಬ ಷರತ್ತುಗಳು ಅದರಲ್ಲೇ ಇರುತ್ತವೆ. ಆ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹಾಕಲು ಇರುವುದೂ 30 ದಿನ. ಲಾರಿ ತೊಳೆಯುವ, ಎಂಜಿನ್ ಆಯಿಲ್ ಬದಲಿಸುವ ಜಾಗವಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ.

ಅಹವಾಲು ಸಭೆ ನಡೆದ ಕಡೆ ಅದನ್ನು ಮತದಾನ ಎಂದು ತಿಳಿಯಬೇಡಿ. ಕೈ ಎತ್ತಿ ಬೇಡ ಎಂದರೆ ಯೋಜನೆ ನಿಲ್ಲುವುದಿಲ್ಲ. ಅಲ್ಲಿ ಹೇಳಿದ್ದು ವಿಡಿಯೊ ಆಗುತ್ತದೆ, ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು, ಪ್ರತಿ ಆಕ್ಷೇಪಕ್ಕೂ ಕಂಪನಿ ಉತ್ತರ ಬರೆಯಬೇಕು. ನಾನು ಕೂತು ಕೇಳಿದ ಸಭೆಗಳಲ್ಲಿ ಜನ ನೌಕರಿ ಕೇಳುತ್ತಾರೆ, ಗುಡಿಗೆ ದೇಣಿಗೆ ಕೇಳುತ್ತಾರೆ. ದಿನಕ್ಕೆ ಎಷ್ಟು ಲಾರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳದ ಪ್ರಶ್ನೆಗೆ ಯಾರೂ ಉತ್ತರ ಬರೆಯುವುದಿಲ್ಲ.

ರಸ್ತೆಗೆ ಅಡ್ಡ ನಿಂತು ಲಾರಿ ತಡೆಯುವ ಸಾಹಸಕ್ಕೆ ಮಾತ್ರ ಹೋಗಬೇಡಿ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಬಳಿ ಉಸುಕಿನ ಲಾರಿ ತಡೆಯಲು ಹೋದ ಗ್ರಾಮ ಲೆಕ್ಕಾಧಿಕಾರಿ ಅದರ ಗಾಲಿಗೇ ಸಿಕ್ಕಿ ಪ್ರಾಣ ಬಿಟ್ಟರು. ಸರ್ಕಾರಿ ನೌಕರನಿಗೇ ಹಾಗಾದ ಮೇಲೆ ನಿಮ್ಮ ಮಕ್ಕಳನ್ನು ಆ ಕೆಲಸಕ್ಕೆ ಕಳಿಸಬೇಡಿ. ಅದರ ಬದಲು ಅಗಸಿ ಕಟ್ಟೆಯ ಮೇಲೆ ಕೂತು ಒಂದು ವಾರ ಎಣಿಸಿ. ತಾಸಿಗೆ ಎಷ್ಟು ಲಾರಿ, ತುಂಬಿದ್ದೆಷ್ಟು, ಖಾಲಿ ಎಷ್ಟು, ಎಷ್ಟು ಗಾಲಿಯದು, ತಾಡಪತ್ರಿ ಇತ್ತೋ ಇಲ್ಲವೋ. ನೋಟ್‌ಬುಕ್ಕಿನಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಸೇರಿಸಿ, ಅದರ ನಕಲನ್ನು ಜಿಲ್ಲಾಧಿಕಾರಿ ಕಚೇರಿಗೂ ಮಾಲಿನ್ಯ ಮಂಡಳಿಯ ರಾಯಚೂರು ಕಚೇರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಹೊಸ ಯಾರ್ಡಿನ ಅರ್ಜಿ ನಿಮ್ಮ ಪಂಚಾಯ್ತಿಗೆ ಬಂದಾಗ, ಲೈಸೆನ್ಸಿಗೆ ಸಹಿ ಬೀಳುವ ಮೊದಲೇ, ಆ ನೋಟ್‌ಬುಕ್ ಮೇಜಿನ ಮೇಲೆ ಇರಲಿ.