ಸಹಿ ಯಾರದು?

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ನಾವೀಗ ಬಾಯಿಬಿಟ್ಟು ಮಾತಾಡುತ್ತೇವೆ. ಗರ್ಭಪಾತದ ಮಾತು ಬಂದರೆ ಮಾತ್ರ ಸೆರಗು ಬಾಯಿಗೆ ಹೋಗುತ್ತದೆ. ಇವತ್ತು ಆ ಮಾತನ್ನೇ ಆಡೋಣ.

ಸವಿತಾ ಹಾಲಪ್ಪನವರ ನಮ್ಮ ಬೆಳಗಾವಿಯ ಮಗಳು, ಹಲ್ಲಿನ ಡಾಕ್ಟರು. ಗಂಡನೊಂದಿಗೆ ಐರ್ಲೆಂಡ್ ದೇಶದ ಗಾಲ್ವೆಯಲ್ಲಿದ್ದಳು. 2012ರ ಅಕ್ಟೋಬರಿನಲ್ಲಿ, 17 ವಾರದ ಬಸುರಿ, ಬೆನ್ನುನೋವೆಂದು ಆಸ್ಪತ್ರೆಗೆ ಹೋದಳು. ಗರ್ಭ ಉಳಿಯುವುದಿಲ್ಲವೆಂದು ಅಲ್ಲಿ ತಿಳಿಯಿತು. ಹಾಗಿದ್ದರೆ ತೆಗೆಯಿರಿ ಎಂದು ಕೇಳಿಕೊಂಡಳು. ಭ್ರೂಣದ ಎದೆಬಡಿತ ಇರುವ ತನಕ ಕಾನೂನು ಬಿಡುವುದಿಲ್ಲ ಎಂದರು. ನಂಜೇರಿತು. ಅದನ್ನು ಗುರುತಿಸುವುದರಲ್ಲೂ ತಡವಾಯಿತೆಂದು ಆಮೇಲೆ ತನಿಖೆ ಹೇಳಿತು. 28ರಂದು ತೀರಿಕೊಂಡಳು. ವಯಸ್ಸು 31.

ಆ ದೇಶ 1983ರಲ್ಲಿ ತನ್ನ ಸಂವಿಧಾನದಲ್ಲೇ ತಾಯಿಯ ಜೀವವನ್ನೂ ಭ್ರೂಣದ ಜೀವವನ್ನೂ ಒಂದೇ ತಕ್ಕಡಿಯಲ್ಲಿಟ್ಟಿತ್ತು. ಸವಿತಾ ಸಾಯುವ ಎರಡು ವರ್ಷ ಮೊದಲೇ, 2010ರಲ್ಲಿ, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ತಾಯಿಯ ಜೀವಕ್ಕೆ ಅಪಾಯವಿದ್ದಾಗ ಏನು ಮಾಡಬೇಕೆಂಬ ಸ್ಪಷ್ಟ ದಾರಿಯೇ ಅಲ್ಲಿಲ್ಲ ಎಂದು ತೀರ್ಪು ಕೊಟ್ಟಿತ್ತು. ಸರಕಾರ ಕಾನೂನು ಮಾಡಿದ್ದು 2013ರಲ್ಲಿ, ಹೆಣ ಬಿದ್ದ ಮೇಲೆ. 2016ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು ಇನ್ನೊಬ್ಬ ಹೆಣ್ಣುಮಗಳ ದೂರಿನ ಮೇಲೆ ಆ ನಿಷೇಧವನ್ನು ಕ್ರೂರ, ಅಮಾನವೀಯ ಎಂದು ಕರೆಯಿತು; ಆಕೆಗೆ ಸರಕಾರ ಪರಿಹಾರ ಕೊಡಬೇಕಾಯಿತು. ಆದರೆ ಕಾನೂನನ್ನು ಕೊನೆಗೆ ಕಿತ್ತೊಗೆದದ್ದು ಜನರ ಮತ, 2018ರ ಮೇ 25ರಂದು, ನೂರಕ್ಕೆ 66. ಬೀದಿಗಿಳಿದ ಹೆಂಗಸರ ಕೈಯಲ್ಲಿ ಸವಿತಾಳ ಫೋಟೋ ಇತ್ತು.

ನಮ್ಮಲ್ಲಿ ಕಾನೂನು 1971ರಿಂದಲೇ ಇದೆ. 2021ರ ತಿದ್ದುಪಡಿಯಂತೆ 20 ವಾರದವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು. ಅತ್ಯಾಚಾರಕ್ಕೊಳಗಾದವರು, ಬಸಿರಿನಲ್ಲೇ ವಿಧವೆಯಾದವರು, ಅಪ್ರಾಪ್ತೆಯರು ಮುಂತಾದವರಿಗೆ ಇಬ್ಬರು ಡಾಕ್ಟರರು ಒಪ್ಪಿದರೆ 24 ವಾರ. ಮದುವೆಯಾಗದವಳಿಗೂ ಈ ಹಕ್ಕಿದೆ, ಗಂಡನ ಬಲಾತ್ಕಾರವೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರವೇ ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಒಪ್ಪಿಗೆ ಯಾರದು? 18 ತುಂಬಿದವಳಿದ್ದರೆ ಅವಳೊಬ್ಬಳದೇ. ಗಂಡನ ಸಹಿ ಬೇಕೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆದರೂ ಗಂಡನನ್ನು ಕರೆತಾ ಎನ್ನುವ ಆಸ್ಪತ್ರೆಗಳಿವೆ. ಕುಡಿದು ಹೊಡೆಯುವವನ ಮುಂದೆ ಕಾಗದ ಹಿಡಿದು ನಿಲ್ಲುವುದು ಹೇಗೆ? ವಾರಗಳು ಉರುಳುತ್ತವೆ, ಅವಳು ಕಳ್ಳ ವೈದ್ಯರ ಕೈಗೆ ಬೀಳುತ್ತಾಳೆ.

ಹೆಣ್ಣುಭ್ರೂಣ ಹತ್ಯೆಗೂ ಇದಕ್ಕೂ ಗೊಂದಲ ಬೇಡ. ವರದಕ್ಷಿಣೆಗೆ ಹೆದರಿ, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ಸ್ಕ್ಯಾನಿಂಗ್‌ಗೆ ಎಳೆದೊಯ್ಯುವುದು 1994ರ ಕಾಯ್ದೆಯಂತೆ ಅಪರಾಧ. ಅಲ್ಲಿ ಅತ್ತೆ-ಗಂಡನ ಒತ್ತಾಯಕ್ಕೆ ಹಾಕಿದ ಸಹಿಯೂ ಅವಳದಲ್ಲ.

ಭಾರತ 1993ರಲ್ಲಿ ಮಹಿಳೆಯರ ಮೇಲಿನ ತಾರತಮ್ಯ ನಿವಾರಣಾ ಒಪ್ಪಂದವನ್ನು ಒಪ್ಪಿ, ವಿಶ್ವಸಂಸ್ಥೆಗೆ ವರದಿ ಕೊಡುತ್ತದೆ. ಆದರೆ ಒಬ್ಬೊಬ್ಬ ಹೆಣ್ಣುಮಗಳೂ ಅಲ್ಲಿಗೆ ದೂರು ಒಯ್ಯುವ ದಾರಿಯನ್ನು ನಮ್ಮ ಸರಕಾರ ಒಪ್ಪಿಲ್ಲ. ಐರ್ಲೆಂಡಿನ ಹೆಂಗಸಿಗಿದ್ದ ಬಾಗಿಲು ರಾಮದುರ್ಗದವಳಿಗೆ ಇಲ್ಲ.

ನಮಗಿರುವುದು ತಾಲೂಕು ಬಾಗಿಲು. ಗಂಡನ ಸಹಿ ಕೇಳಿದರೆ, ಯಾವ ನಿಯಮವೆಂದು ಬರೆದುಕೊಡಲು ಹೇಳಿ. ಕೊಡದಿದ್ದರೆ ತಾಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಹಾಕಿ. ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆ. ಸಂಘದ ಇಬ್ಬರು ಅವಳ ಜೊತೆ ಹೋಗಿ. ಹೆಸರು ಮಾತ್ರ ಸಂಘದ ಸಭೆಯಲ್ಲೂ ಎತ್ತಬೇಡಿ. ಗುಟ್ಟು ಕಾಯಬೇಕೆಂದು ಡಾಕ್ಟರರಿಗೆ ಕಾಯ್ದೆಯೇ ಹೇಳಿದೆ, ನಾವೂ ಕಾಯೋಣ.