ಡೆಲ್ಲಿ ಚಳಿಗೆ ಬರೋ ಹಕ್ಕಿಗಳಿಗೆ ಸೇವ್ ಬೇಡ, ನೀರು ಬೇಕು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿದ್ದೀರಾ ಅಂದ್ಕೋತೀನಿ. ಇವತ್ತಿನ ಮಾತು ಡೆಲ್ಲಿಗೆ ಚಳಿಗಾಲ ಕಳೆಯೋಕೆ ಬರೋ ಹಕ್ಕಿಗಳ ಬಗ್ಗೆ.

ಆ ರೀಲ್ ನೀವೂ ನೋಡಿರ್ತೀರಿ. ಬೆಳಗಿನ ಮಂಜು, ಯಮುನೆಯ ಮೇಲೊಂದು ದೋಣಿ, ಅದರ ಸುತ್ತ ಕಿರುಚಾಡೋ ನೂರಾರು ಬಿಳಿ ಹಕ್ಕಿಗಳು. ಕಶ್ಮೀರಿ ಗೇಟ್ ಹತ್ತಿರದ ಯಮುನಾ ಘಾಟ್ ಅದು. ಅಲ್ಲಿ ಯಾರನ್ನೇ ಕೇಳಿ, 'ಸೈಬೀರಿಯನ್ ಹಕ್ಕಿ' ಅಂತಾರೆ. ನಿಜವಾಗಿ ಅವು ಕಡಲಕ್ಕಿಗಳು, ಹೆಚ್ಚಿನವು ಕಪ್ಪುತಲೆಯ ಕಡಲಕ್ಕಿ. ತಮಾಷೆ ಏನಂದ್ರೆ, ಚಳಿಗಾಲದಲ್ಲಿ ಇವುಗಳ ತಲೆ ಕಪ್ಪಗಿರಲ್ಲ. ಬೆಳ್ಳಗಾಗಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಮಾತ್ರ ಉಳಿದಿರುತ್ತೆ. ವಾಪಸ್ ಹೊರಡೋ ಕಾಲಕ್ಕೆ ತಲೆಗೆ ಮತ್ತೆ ಕಡುಬಣ್ಣ ಏರುತ್ತೆ.

ರೀಲ್‌ನಲ್ಲಿ ಅವು ಅಷ್ಟು ಹತ್ತಿರ ಬರೋದು ಪ್ರೀತಿಯಿಂದ ಅಲ್ಲ, ಸೇವ್‌ಗೋಸ್ಕರ. ಎಣ್ಣೆಯಲ್ಲಿ ಕರಿದ ಖಾರದ ಸೇವ್. ಮೀನು, ಹುಳ ತಿಂದು ಕೊಬ್ಬು ಕೂಡಿಸಿಕೊಂಡು ಸಾವಿರಾರು ಕಿಲೋಮೀಟರ್ ವಾಪಸ್ ಹಾರಬೇಕಾದ ಹಕ್ಕಿಗೆ ಇದು ಊಟ ಅಲ್ಲ. ಖಾಲಿ ಪ್ಯಾಕೆಟ್ ನದಿಗೆ ಬಿದ್ದರೆ ಅದು ಇನ್ನೊಂದು ಕಸ. ಹಾಗಂತ ದೋಣಿಯವರ ಮೇಲೆ ಸಿಟ್ಟಾಗೋದೂ ಸರಿಯಲ್ಲ, ಅದು ಅವರ ಹೊಟ್ಟೆಪಾಡು. ನಾನು ಬಿಕಾಂ ಓದಿರೋದು, ನನಗೆ ಲೆಕ್ಕ ಹೀಗೆ ಕಾಣುತ್ತೆ: ಸೇವ್ ಪ್ಯಾಕೆಟ್ ಬೇಡ ಅನ್ನಿ, ಆ ದುಡ್ಡನ್ನ ದೋಣಿ ಬಾಡಿಗೆ ಮೇಲೆ ಸೇರಿಸಿ ಕೊಡಿ. ಇಬ್ಬರಿಗೂ ನಷ್ಟ ಇಲ್ಲ.

ಆದ್ರೆ ಡೆಲ್ಲಿ ಅಂದ್ರೆ ಬರೀ ಘಾಟ್ ಅಲ್ಲ. ಮೆಟ್ರೋ ಮಜೆಂಟಾ ಲೈನ್‌ನಲ್ಲಿ 'ಓಖ್ಲಾ ಬರ್ಡ್ ಸ್ಯಾಂಕ್ಚುರಿ' ಅಂತಲೇ ಒಂದು ಸ್ಟೇಷನ್ ಇದೆ. ಬ್ಯಾರೇಜ್ ಕಟ್ಟಿದ್ದರಿಂದ ಯಮುನೆ ಅಲ್ಲಿ ಕೆರೆ ಥರ ನಿಂತಿದೆ. ಸಲಿಕೆಯಂಥ ಕೊಕ್ಕಿನಿಂದ ನೀರು ಸೋಸಿ ತಿನ್ನೋ ಬಾತು, ಸೂಜಿಬಾಲದ ಬಾತು ಎಲ್ಲ ಸಿಗುತ್ವೆ. ಗುರುಗ್ರಾಮದ ಕಡೆ ಹೋದ್ರೆ ಸುಲ್ತಾನ್‌ಪುರ. ರಾಯಿಟರ್ಸ್ ಪತ್ರಕರ್ತ ಪೀಟರ್ ಜಾಕ್ಸನ್ ಈ ಜಾಗ ಉಳಿಸಿ ಅಂತ ಪ್ರಧಾನಿ ಇಂದಿರಾ ಗಾಂಧಿಯವರಿಗೆ ಪತ್ರ ಬರೆದಿದ್ರು. ಆಮೇಲೆ ಅದು ಪಕ್ಷಿಧಾಮ ಆಯ್ತು, ರಾಷ್ಟ್ರೀಯ ಉದ್ಯಾನ ಆಯ್ತು, 2021ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಒಂದು ಪತ್ರಕ್ಕೂ ಬೆಲೆ ಇದೆ ನೋಡಿ.

ಅಲ್ಲಿ ಕಾಣೋ ಪಟ್ಟೆತಲೆ ಹೆಬ್ಬಾತು ನಮಗೂ ನೆಂಟ. ಹಿಮಾಲಯ ದಾಟಿ ಬರುತ್ತೆ. ಟ್ರ್ಯಾಕರ್ ಕಟ್ಟಿ ನೋಡಿದಾಗ 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಇದೇ ಜಾತಿಯ ಹಕ್ಕಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ.

ಇನ್ನು ಹೆಸರಿನ ವಿಷಯ. ನಿಜವಾದ ಸೈಬೀರಿಯನ್ ಕೊಕ್ಕರೆ, ಅಂದ್ರೆ ಸೈಬೀರಿಯನ್ ಕ್ರೇನ್, ಒಂದು ಕಾಲಕ್ಕೆ ಭರತಪುರಕ್ಕೆ ಪ್ರತಿ ಚಳಿಗಾಲ ಬರ್ತಿತ್ತು. ಡೆಲ್ಲಿಯಿಂದ ಕೆಲವೇ ಗಂಟೆಗಳ ದಾರಿ. 2002ರಲ್ಲಿ ಕೊನೆಯ ಜೋಡಿ ಕಾಣಿಸ್ತು, ಆಮೇಲೆ ಅಲ್ಲಿಗೆ ಬರಲೇ ಇಲ್ಲ. ದಾರಿಯುದ್ದಕ್ಕೂ ಬೇಟೆ, ತಂಗೋ ನೀರಿನ ಜಾಗಗಳ ನಾಶ. ಹೆಸರು ಮಾತ್ರ ಘಾಟ್‌ನ ಕಡಲಕ್ಕಿಗೆ ಅಂಟಿಕೊಂಡು ಉಳಿದಿದೆ. ವರ್ಷಾ ವರ್ಷ ಬರುತ್ವೆ ಅಂತ ನಾವು ಅಂದ್ಕೊಂಡಿರೋದಕ್ಕೆ ಗ್ಯಾರಂಟಿ ಇಲ್ಲ. ದಾರಿಯ ಒಂದೊಂದು ಕೆರೆ ಮುಚ್ಚಿದಾಗಲೂ ಹಕ್ಕಿಗೆ ಒಂದು ತಂಗುದಾಣ ಕಡಿಮೆ.

ಹೋಗೋರಿಗೆ ಎರಡು ಮಾತು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ದಟ್ಟ ಮಂಜಿದ್ದರೆ ಏನೂ ಕಾಣಲ್ಲ, ಸ್ವಲ್ಪ ಬಿಸಿಲೇರಲಿ. ಹೊಗೆ ಜಾಸ್ತಿ ಇರೋ ದಿನ ಮಾಸ್ಕ್ ಇರಲಿ. ಬೈನಾಕ್ಯುಲರ್ ಇಲ್ದಿದ್ರೂ ಪರವಾಗಿಲ್ಲ, ಮರ್ಲಿನ್ ಆ್ಯಪ್ ಉಚಿತ, ಫೋಟೋ ಅಥವಾ ಕೂಗಿನಿಂದ ಹೆಸರು ಹೇಳುತ್ತೆ. ನೋಡಿದ್ದನ್ನ ಇಬರ್ಡ್‌ನಲ್ಲಿ ಹಾಕಿ. ಈ ಕೆರೆಗೆ ಹಕ್ಕಿ ಬರುತ್ತೆ ಅನ್ನೋದಕ್ಕೆ ನಿಮ್ಮ ಪಟ್ಟಿಯೇ ಮುಂದೊಂದು ದಿನ ಸಾಕ್ಷಿ ಆಗಬಹುದು.

ಡೆಲ್ಲಿಗೆ ಹೋಗೋಕಾಗಲ್ವಾ? ನಿಮ್ಮೂರ ಕೆರೆ ಏರಿ ಮೇಲೆ ಒಂದು ಗಂಟೆ ನಿಲ್ಲಿ. ಏನು ಕಂಡ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.